ಭುಜದ ನೋವಿಗೆ ಕಾಲಿಗೆ ಸೂಜಿ

ನನ್ನ ಬಲಭುಜ ಹಿಡಿದುಕೊಂಡಿದೆ ಎಂದು ಮೊದಲು ಕಂಡುಹಿಡಿದವರು ಏಳನೇ ತರಗತಿಯ ಮಕ್ಕಳು. ಬೋರ್ಡಿನ ಮೇಲರ್ಧ ಖಾಲಿ ಬಿಟ್ಟು ಕೆಳಗೇ ಬರೆಯುತ್ತಿದ್ದೆನಂತೆ. ಹಿಂದಿನ ಬೆಂಚಿನವರು, "ಮಿಸ್, ಕಾಣ್ತಿಲ್ಲ, ಮೇಲೆ ಬರೀರಿ" ಅಂದರು. ಕೈ ಎತ್ತಿದೆ. ಕಿವಿಯ ಮಟ್ಟಕ್ಕೂ ಬರಲಿಲ್ಲ. ಆಮೇಲೆ ಒಂದೊಂದೇ ಗೊತ್ತಾಯಿತು: ರವಿಕೆ ತೊಡುವುದು, ಜಡೆ ಹೆಣೆಯುವುದು, ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯುವುದು ಎಲ್ಲವೂ ಕಷ್ಟ. ರಾತ್ರಿ ಬಲಮಗ್ಗುಲಿಗೆ ಹೊರಳಿದರೆ ನಿದ್ದೆ ಅಲ್ಲಿಗೆ ಮುಗಿಯಿತು.

ಮೂಳೆ ಡಾಕ್ಟರು ಎಕ್ಸ್‌ರೇ ತೆಗೆಸಿ, ಶುಗರ್ ಪರೀಕ್ಷೆ ಮಾಡಿಸಿ, 'ಫ್ರೋಜನ್ ಶೋಲ್ಡರ್' ಎಂದರು. ಕೀಲನ್ನು ಸುತ್ತಿರುವ ಪೊರೆ ಊದಿ, ದಪ್ಪಗಾಗಿ, ಬಿಗಿದುಕೊಳ್ಳುತ್ತದೆ. ನಲವತ್ತು ದಾಟಿದ ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೆಚ್ಚು. ಒಂದರಿಂದ ಮೂರು ವರ್ಷದೊಳಗೆ ಬಹಳ ಜನಕ್ಕೆ ತಾನಾಗಿಯೇ ಸಡಿಲವಾಗುತ್ತದೆ ಎಂದು ಸಮಾಧಾನವನ್ನೂ ಹೇಳಿ, ನೋವಿನ ಮಾತ್ರೆ ಮತ್ತು ಫಿಸಿಯೋಥೆರಪಿ ಬರೆದುಕೊಟ್ಟರು.

"ಮೂರು ವರ್ಷ ಹೀಗೇ ಕೂತಿರ್ತೀಯಾ?" ಎಂದು ಅಕ್ಕ ರೇಗಿದಳು. "ನಮ್ಮ ಬೀದಿ ಕೊನೇಲಿ ಸೂಜಿ ಚಿಕಿತ್ಸೆ ಡಾಕ್ಟ್ರು ಬಂದಿದಾರೆ, ನಡಿ. ನನ್ನ ಮಂಡೀನೂ ತೋರಿಸ್ಕೋಬೇಕು."

ಹೋಗುವ ಮೊದಲು ಬಾಗಿಲ ಬೋರ್ಡು ಓದಿದೆ. ಬಿ.ಎನ್.ವೈ.ಎಸ್. ಎಂದಿತ್ತು. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಪ್ರಕೃತಿ ಚಿಕಿತ್ಸೆಯ ಪದವಿ. ಆಕ್ಯುಪಂಕ್ಚರ್, ಅಂದರೆ ಈ ಸೂಜಿ ಚಿಕಿತ್ಸೆ, ಅದರ ಪಾಠಗಳಲ್ಲೊಂದು. ಕೇಂದ್ರ ಆರೋಗ್ಯ ಸಚಿವಾಲಯ ಆಕ್ಯುಪಂಕ್ಚರನ್ನು 2003ರಲ್ಲಿ ಚಿಕಿತ್ಸಾ ವಿಧಾನ ಎಂದೂ 2019ರಲ್ಲಿ ಸ್ವತಂತ್ರ ಪದ್ಧತಿ ಎಂದೂ ಒಪ್ಪಿಕೊಂಡಿದೆ. ಆದರೆ ನಾಲ್ಕು ದಿನದ ಶಿಬಿರ ಮುಗಿಸಿ ಸೂಜಿ ಹಿಡಿಯುವವರೂ ಇದ್ದಾರೆ. ಭುಜ, ಎದೆ, ಬೆನ್ನಿನ ಮೇಲ್ಭಾಗದಲ್ಲಿ ಸೂಜಿ ಆಳಕ್ಕೆ ಹೋದರೆ ಶ್ವಾಸಕೋಶಕ್ಕೆ ತಾಗಬಹುದು. ಅಪರೂಪ, ಆದರೆ ಆಗಿರುವುದುಂಟು. ಹಾಗಾಗಿ ಬೋರ್ಡು ಓದುವುದು ತಪ್ಪಲ್ಲ.

ಡಾಕ್ಟರು ಮೂವತ್ತರ ಆಸುಪಾಸಿನ ಹುಡುಗಿ. ತಿಂಡಿ ತಿಂದಿದ್ದೀರಾ ಎನ್ನುವುದು ಮೊದಲ ಪ್ರಶ್ನೆ. ಖಾಲಿ ಹೊಟ್ಟೆಯಲ್ಲಿ ಕೆಲವರಿಗೆ ತಲೆ ಸುತ್ತುತ್ತದಂತೆ. ರಕ್ತ ತೆಳುವಾಗುವ ಮಾತ್ರೆ ತಗೊಳ್ತೀರಾ, ಪೇಸ್‌ಮೇಕರ್ ಇದೆಯಾ ಎಂದು ಕೇಳಿದರು. ನಾಲಗೆ ನೋಡಿದರು. ಎರಡೂ ಮಣಿಕಟ್ಟಿನ ಮೇಲೆ ಮೂರು ಮೂರು ಬೆರಳಿಟ್ಟು ನಾಡಿ ನೋಡಿದರು. ಇದೆಲ್ಲ ನಮ್ಮ ಪಂಡಿತರೂ ಮಾಡುತ್ತಿದ್ದದ್ದೇ, ಅಕ್ಕನಿಗೆ ಅಲ್ಲಿಗೇ ಅರ್ಧ ನಂಬಿಕೆ ಬಂತು. ಆದರೂ, "ದಬ್ಬಳ ಗಿಬ್ಬಳ ಅಲ್ಲ ತಾನೆ?" ಎಂದು ಕೇಳಿಯೇ ಬಿಟ್ಟಳು. ಡಾಕ್ಟರು ಪೊಟ್ಟಣ ಹರಿದು ತೋರಿಸಿದರು. ಕಾಲು ಮಿಲಿಮೀಟರಿನಷ್ಟು ದಪ್ಪದ ಉಕ್ಕಿನ ಎಳೆ, ಇಂಜೆಕ್ಷನ್ ಸೂಜಿಯಂತೆ ಒಳಗೆ ಟೊಳ್ಳಿಲ್ಲ, ಬೆರಳಲ್ಲಿ ಒತ್ತಿದರೆ ಬಾಗುತ್ತದೆ. ಒಂದು ಸಲ ಬಳಸಿ ಬಿಸಾಡುವಂಥದ್ದು.

ನಾನು ತೋಳು ಮಡಚಿ ಕೂತರೆ, "ಎಡಗಾಲಿನ ಸೀರೆ ಸ್ವಲ್ಪ ಮೇಲಕ್ಕೆತ್ತಿ ಮೇಡಂ" ಅಂದರು.

ನೋವು ಬಲಭುಜದಲ್ಲಿ, ಸೂಜಿ ಎಡಗಾಲಿಗೆ! ಮಂಡಿಗೂ ಪಾದದ ಗಿಣ್ಣಿಗೂ ನಡುಮಧ್ಯೆ, ಮುಂಗಾಲ ಮೂಳೆಯ ಹೊರಬದಿಯಲ್ಲಿ 'ತಿಯಾವ್‌ಕೋ' ಎಂಬ ಬಿಂದುವಿದೆ; ಹಿಡಿದ ಭುಜಕ್ಕೆ ಚೀನಾದವರು ಬಹಳ ಕಾಲದಿಂದ ಬಳಸುವ ಜಾಗ. ಅಳೆಯುವುದಕ್ಕೆ ಟೇಪು ಬೇಡ. ರೋಗಿಯ ಹೆಬ್ಬೆರಳಿನ ಅಗಲವೇ ಒಂದು ಅಳತೆ, ಜೋಡಿಸಿದ ನಾಲ್ಕು ಬೆರಳು ಅಂಥ ಮೂರಕ್ಕೆ ಸಮ. ಆಯುರ್ವೇದದ ಸ್ವಾಂಗುಲವೂ ಹೀಗೇ, ಅವರವರ ದೇಹಕ್ಕೆ ಅವರವರ ಬೆರಳೇ ಅಳತೆಗೋಲು.

ಸೂಜಿ ಒಳಗೆ ಹೋದದ್ದು ಗೊತ್ತಾಗಲಿಲ್ಲ. ಆದರೆ ಅದನ್ನು ಬೆರಳಲ್ಲಿ ತಿರುಗಿಸಿದಾಗ ಕಾಲೊಳಗೆ ಭಾರವಾದ ಒಂದು ಜೋಮು ಹರಡಿತು. ನೋವಲ್ಲ, ಹಿತವೂ ಅಲ್ಲ. ಹೀಗೆ ಆದರೆ ಮಾತ್ರ ಸೂಜಿ ಸರಿಯಾದ ಕಡೆ ಕೂತಿದೆ ಎಂದು ಅವರ ಲೆಕ್ಕ. ಇನ್ನೂ ತಿರುಗಿಸುತ್ತಲೇ, "ಈಗ ಬಲಗೈ ಎತ್ತಿ, ನಿಧಾನಕ್ಕೆ" ಅಂದರು. ಎತ್ತಿದೆ. ಕೈ ಕಿವಿ ದಾಟಿ ಮೇಲೆ ಹೋಯಿತು! ಅಕ್ಕ "ಅಯ್ಯೋ ದೇವರೇ" ಎಂದು ಎದ್ದು ನಿಂತಳು. ಆಮೇಲೆ ಭುಜದ ಸುತ್ತ ಇನ್ನಷ್ಟು ಸೂಜಿ ಹಾಕಿ ಮಲಗಿಸಿದರು. ಯಾರೂ ಮಾತಾಡಿಸದ, ಫೋನು ಮುಟ್ಟುವಂತಿಲ್ಲದ ಅಷ್ಟು ಹೊತ್ತು ನನಗೆ ಯಾವ ಕಾಲದಲ್ಲಿ ಸಿಕ್ಕಿತ್ತೋ.

ಬೆಳಿಗ್ಗೆ ಏಳುವಷ್ಟರಲ್ಲಿ ಭುಜ ಮುಕ್ಕಾಲು ಪಾಲು ಮತ್ತೆ ಬಿಗಿದಿತ್ತು, ಅದನ್ನೂ ಹೇಳಬೇಕು.

ಸ್ಟಾಫ್‌ರೂಮಿನಲ್ಲಿ ನನ್ನ ಕಥೆ ಕೇಳಿ ವಿಜ್ಞಾನದ ಮೇಷ್ಟ್ರು, "ಚೀನಾದಲ್ಲಿ ಅಮೆರಿಕದ ಪತ್ರಕರ್ತನಿಗೆ ಬರೀ ಸೂಜಿಯಲ್ಲೇ ಅಪೆಂಡಿಕ್ಸ್ ಆಪರೇಷನ್ ಮಾಡಿದ್ರಂತಲ್ಲ" ಎಂದರು. ಇದು ಊರೆಲ್ಲ ಸುತ್ತುವ ಮಾತು, ನಿಜವಲ್ಲ. 1971ರಲ್ಲಿ ಬೀಜಿಂಗ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಜೇಮ್ಸ್ ರೆಸ್ಟನ್‌ಗೆ ಶಸ್ತ್ರಚಿಕಿತ್ಸೆ ಆದದ್ದು ಮಾಮೂಲಿ ಅರಿವಳಿಕೆ ಇಂಜೆಕ್ಷನ್ ಕೊಟ್ಟೇ. ಸೂಜಿ ಹಾಕಿದ್ದು ಆಮೇಲೆ, ಹೊಟ್ಟೆಯುಬ್ಬರದ ಸಂಕಟಕ್ಕೆ. ಅವರೇ ಹಾಗೆ ಬರೆದಿದ್ದಾರೆ. ಈ ವಿದ್ಯೆ ನಮ್ಮ ದೇಶಕ್ಕೆ ಬಂದ ದಾರಿ ಬೇರೆ. 1938ರಲ್ಲಿ ಯುದ್ಧದಲ್ಲಿ ಗಾಯಗೊಂಡವರ ಆರೈಕೆಗೆ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಸೇರಿ ಚೀನಾಕ್ಕೆ ಹೋದ ಐವರು ವೈದ್ಯರಲ್ಲಿ ಡಾ. ಬಿಜಯ್ ಕುಮಾರ್ ಬಸು ಒಬ್ಬರು. ಕೋಟ್ನಿಸ್ 1942ರಲ್ಲಿ ಅಲ್ಲೇ ತೀರಿಕೊಂಡರು. ಬಸು ಐವತ್ತರ ದಶಕದ ಕೊನೆಯಲ್ಲಿ ಮತ್ತೆ ಹೋಗಿ ಈ ವಿದ್ಯೆ ಕಲಿತು ಕೋಲ್ಕತ್ತಕ್ಕೆ ತಂದರು.

ಸಿದ್ಧಾಂತದ ಮಾತು ಬಂದಾಗ ನನ್ನ ಡಾಕ್ಟರು ಎರಡು ಥರ ಹೇಳುತ್ತಿದ್ದರು. ಚೀನಾದ ಲೆಕ್ಕದಲ್ಲಿ 'ಚಿ' ಎಂಬ ಜೀವಶಕ್ತಿ ಹದಿನಾಲ್ಕು ನಾಳಗಳಲ್ಲಿ ಹರಿಯುತ್ತದೆ, ಅವುಗಳ ಮೇಲೆ 361 ಬಿಂದುಗಳಿವೆ, ಹರಿವು ತಡೆದರೆ ನೋವು. ಈ ನಾಳಗಳನ್ನು ದೇಹ ಕೊಯ್ದು ಯಾರೂ ಕಂಡಿಲ್ಲ. ಇನ್ನೊಂದು ಲೆಕ್ಕ ನರಗಳದ್ದು: ಚುಚ್ಚಿದಾಗ ಮೆದುಳು ತನ್ನದೇ ನೋವುನಿವಾರಕಗಳನ್ನು ಬಿಡುತ್ತದೆ.

ಮೇಷ್ಟ್ರ ಜೊತೆ ವಾದಿಸುವ ಹಟಕ್ಕೆ ಒಂದಿಷ್ಟು ಓದಿದೆ. 2007ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಅಧ್ಯಯನದಲ್ಲಿ ಬಹುಕಾಲದ ಸೊಂಟನೋವಿನ 1162 ಜನರನ್ನು ಮೂರು ಗುಂಪು ಮಾಡಿದ್ದರು. ಒಂದಕ್ಕೆ ಶಾಸ್ತ್ರೋಕ್ತ ಬಿಂದುಗಳಲ್ಲಿ ಸೂಜಿ. ಇನ್ನೊಂದಕ್ಕೆ ಬಿಂದುವಲ್ಲದ ಕಡೆ, ಆಳಕ್ಕೆ ಹೋಗದ ಹಾಗೆ ಚರ್ಮದ ಮೇಲ್ಪದರದಲ್ಲಷ್ಟೇ. ಮೂರನೆಯದಕ್ಕೆ ಮಾತ್ರೆ, ವ್ಯಾಯಾಮ. ಆರು ತಿಂಗಳ ಮೇಲೆ ಸುಧಾರಿಸಿದವರು ಮೊದಲ ಗುಂಪಿನಲ್ಲಿ ನೂರಕ್ಕೆ ಸುಮಾರು 48, ಎರಡನೆಯದರಲ್ಲಿ 44, ಮೂರನೆಯದರಲ್ಲಿ 27. ಮೇಷ್ಟ್ರು 48-44 ನೋಡಿ "ಎಲ್ಲಿ ಚುಚ್ಚಿದರೂ ಒಂದೇ, ಬರೀ ಭ್ರಮೆ" ಎಂದರು. ನಾನು 27 ತೋರಿಸಿದೆ. ಬಿಂದುಗಳ ಮೇಲಿನ ನನ್ನ ಭಕ್ತಿ ಅವತ್ತು ಇಳಿದದ್ದು ನಿಜ. ಆದರೆ ಒಬ್ಬರು ಗಮನವಿಟ್ಟು ಮುಟ್ಟಿ, ನೋಡಿ, ಮಲಗಿಸಿ ಕೊಡುವ ಆರೈಕೆಗೆ ಬೆಲೆಯೇ ಇಲ್ಲ ಎನ್ನಲು ಆ ಅಂಕಿಗಳು ಬಿಡುವುದಿಲ್ಲ.

ಡಾಕ್ಟರಿಗೆ ಇದನ್ನು ಹೇಳಿದರೆ ಬೇಸರ ಮಾಡಿಕೊಳ್ಳಲಿಲ್ಲ. "ಓದಿದೀನಿ ಮೇಡಂ. ನೋವು ಕಡಿಮೆ ಇರೋ ಆ ಸ್ವಲ್ಪ ಹೊತ್ತಲ್ಲಿ ನೀವು ಗೋಡೆ ಮೇಲೆ ಬೆರಳು ಹತ್ತಿಸೋ ವ್ಯಾಯಾಮ ಮಾಡಿದ್ರೆ ನನಗಷ್ಟೇ ಸಾಕು" ಅಂದರು. ಮಾಡಿದೆ. ತಿಂಗಳುಗಳು ಕಳೆದಂತೆ ಕೈ ಬಿಟ್ಟುಕೊಂಡಿತು. ಸೂಜಿಯಿಂದಲೋ, ಗೋಡೆಯಿಂದಲೋ, ಕಾಲ ಕಳೆದದ್ದರಿಂದಲೋ? ಹೋಲಿಸಿ ನೋಡಲು ನನಗೆ ಹಿಡಿದ ಭುಜ ಇನ್ನೊಂದಿರಲಿಲ್ಲ.

ಅಕ್ಕನ ಮಂಡಿಗೂ ಸೂಜಿ ಶುರುವಾಗಿತ್ತು. ಒಂದು ದಿನ ಮೆಲ್ಲಗೆ, "ಶುಗರ್‌ಗೂ ಇದನ್ನೇ ಹಾಕ್ಬಿಡಮ್ಮ, ಮಾತ್ರೆ ನುಂಗಿ ಸಾಕಾಗಿದೆ" ಎಂದಳು.

"ಮಾತ್ರೆ ನಿಲ್ಲಿಸಿದ್ರೆ ನಾನು ನಿಮ್ಮ ಮಂಡಿಗೂ ಸೂಜಿ ಹಾಕಲ್ಲ ಅಮ್ಮ" ಎಂದರು ಡಾಕ್ಟರು, ಹತ್ತಿಯಿಂದ ಕಾಲು ಒರೆಸುತ್ತಲೇ.

ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಅಕ್ಕ ಗೊಣಗಿದಳು: "ಹೀಗೆ ಮುಖಕ್ಕೆ ಹೊಡೆದ ಹಾಗೆ ಮಾತಾಡಿದ್ರೆ ಇವಳ ಹತ್ರ ಯಾರು ಬರ್ತಾರೆ?" ಎರಡು ಹೆಜ್ಜೆ ಹೋದವಳು ವಾಪಸ್ ಒಳಗೆ ಹೋಗಿ, ಗುರುವಾರಕ್ಕೆ ಟೋಕನ್ ಬರೆಸಿಕೊಂಡು ಬಂದಳು.