ಟರ್ಬೈನ್ ಬಂತು, ಸಿಮೆಂಟ್ ಬರ್ಲಿಲ್ಲ

ಧಾರವಾಡದಲ್ಲಿ ಅಗ್ರಿ ಓದುವಾಗ ನಮ್ಮ ಹಾಸ್ಟೆಲ್‌ನಲ್ಲಿ ಒಂದಿಷ್ಟು ಅಫ್ಘಾನ್ ಹುಡುಗರಿದ್ರು, ಭಾರತ ಸರ್ಕಾರದ ಸ್ಕಾಲರ್‌ಶಿಪ್ ಮೇಲೆ ಬಂದವ್ರು. ಅವರಲ್ಲಿ ಒಬ್ಬ ದಕ್ಷಿಣ ಅಫ್ಘಾನಿಸ್ತಾನದ ಹೆಲ್ಮಂದ್‌ನವನು. ನಂದು ತುಂಗಭದ್ರಾ ಕಾಲುವೆ ಕಡೆಯ ಸಿಂಧನೂರು ಅಂದಾಗ ಅವನಿಗೆ ಏನೂ ಹೊಳೀಲಿಲ್ಲ, ಅವನ ಊರಿನ ಹೆಸರು ಹೇಳಿದಾಗ ನನಗೂ ಹೊಳೀಲಿಲ್ಲ, ಆದ್ರೆ ಡ್ಯಾಮು, ಕಾಲುವೆ, ಟೇಲೆಂಡ್ ಅಂದ್ರೆ ಕಾಲುವೆ ಕೊನೆಯವ್ರ ನೀರಿನ ಜಗಳ, ಉಪ್ಪೆದ್ದ ಸವಳು ಭೂಮಿ ಅಂತ ಮಾತು ಹತ್ತಿದ್ಮೇಲೆ ಇಬ್ರೂ ಪಕ್ಕದ ಹೊಲದವರೇ ಆಗ್ಬಿಟ್ವಿ. ಅವರ ಕಜಕಿ ಡ್ಯಾಮ್ 1953ರದ್ದು, ನಮ್ಮ ತುಂಗಭದ್ರಾ ಡ್ಯಾಮೂ 1953ರದ್ದೇ, ಅದರ ಕಾಲುವೆ ಪಕ್ಕ ಹುಟ್ಟಿದ ಊರುಗಳಿಗೆ ನಮ್ಮ ಕಡೆ ಕ್ಯಾಂಪು ಅಂತಾರೆ. "ನೀರು ಜಾಸ್ತಿ ಆದ್ರ ಹೊಲ ಸಾಯ್ತದ" ಅಂತ ನಮ್ಮಪ್ಪ ಹೇಳೋ ಮಾತನ್ನ ನಾನು ಹಿಂದೀಲಿ ಅವನಿಗೆ ಹೇಳಿದ್ರೆ ಬಿದ್ದು ಬಿದ್ದು ನಗ್ತಿದ್ದ, ಅವರಪ್ಪನೂ ಅದನ್ನೇ ಹೇಳ್ತಿದ್ರಂತೆ.

ಕಜಕಿ ಬಗ್ಗೆ ಬರೀಬೇಕು ಅಂತ ಬಹಳ ದಿನದಿಂದ ಇತ್ತು, ಯಾಕಂದ್ರೆ ಸಹಾಯ ಮಾಡ್ತೀವಿ ಅಂತ ಬಂದ ದೇಶಗಳು ಏನೇನು ಮಾಡ್ತವೆ ಅನ್ನೋದೆಲ್ಲ ಆ ಒಂದು ಡ್ಯಾಮಿನ ಕಥೆಯಲ್ಲೇ ಸಿಗುತ್ತೆ.

ಶುರು ಮಾಡಿದ್ದು ಅಮೆರಿಕದವ್ರೇ. 1946ರಲ್ಲಿ ಮಾರಿಸನ್ ನುಡ್ಸೆನ್ ಅನ್ನೋ ಅಮೆರಿಕನ್ ಕಂಪನಿ ಬಂದು ಹೆಲ್ಮಂದ್ ಕಣಿವೆಯಲ್ಲಿ ಕಾಲುವೆ ತೋಡೋಕೆ ಶುರು ಮಾಡ್ತು. ಲಷ್ಕರ್ ಗಾಹ್ ಪಟ್ಟಣವನ್ನ ಅವ್ರು ಕಟ್ಟಿದ ರೀತಿ ನೋಡಿ ಜನ ಅದಕ್ಕೆ ಪುಟ್ಟ ಅಮೆರಿಕ ಅಂತಲೇ ಕರೀತಿದ್ರು. ಆಗ ಶೀತಲ ಸಮರ, ರಷ್ಯಾದವ್ರು ಒಂದು ಕಡೆ ರಸ್ತೆ ಸುರಂಗ ಮಾಡ್ಕೊಡ್ತಿದ್ರೆ ಇವ್ರು ಇನ್ನೊಂದು ಕಡೆ ಡ್ಯಾಮ್ ಕಟ್ಕೊಡ್ತಿದ್ರು. ಕಾಲುವೆ ಏನೋ ಬಂತು, ಆದ್ರೆ ಎಷ್ಟೋ ಕಡೆ ಮಣ್ಣಿನ ಕೆಳಗೆ ಗಟ್ಟಿ ಪದರ ಇದ್ದಿದ್ರಿಂದ ನೀರು ಬಸಿದು ಹೋಗದೆ ಉಪ್ಪು ಮೇಲೆ ಬಂತು. ಸಿಂಧನೂರಿನವ್ರಿಗೆ ಇದನ್ನ ಬಿಡಿಸಿ ಹೇಳೋ ಅಗತ್ಯ ಇಲ್ಲ. 1975ರಲ್ಲಿ ಅಮೆರಿಕದ ದುಡ್ಡಲ್ಲೇ ಎರಡು ಟರ್ಬೈನ್ ಕೂರಿಸಿದ್ರು, ಮೂರನೇದಕ್ಕೆ ಜಾಗ ಬಿಟ್ಟಿದ್ರು. ಆಮೇಲೆ ರಷ್ಯಾದ ಸೈನ್ಯ ಬಂತು, ಅಂತರ್ಯುದ್ಧ ಬಂತು, ತಾಲಿಬಾನ್ ಬಂತು, ಆ ಜಾಗ ಖಾಲಿಯಾಗೇ ಇತ್ತು.

2001ರ ಕೊನೇಲಿ ತಾಲಿಬಾನ್ ಬಿತ್ತಲ್ಲ, ಮರುವರ್ಷ ಶ್ರೀಮಂತ ದೇಶಗಳೆಲ್ಲ ಕೂತು ಕೆಲಸ ಹಂಚ್ಕೊಂಡ್ವು. ಸೈನ್ಯ ಕಟ್ಟೋದು ಅಮೆರಿಕಕ್ಕೆ, ಪೊಲೀಸ್ ಜರ್ಮನಿಗೆ, ಕೋರ್ಟು ಕಾನೂನು ಇಟಲಿಗೆ, ಬಂದೂಕು ಹಿಡಿದವ್ರಿಂದ ಬಂದೂಕು ಕೆಳಗಿಡಿಸೋದು ಜಪಾನಿಗೆ, ಅಫೀಮು ನಿಲ್ಲಿಸೋದು ಬ್ರಿಟನ್ನಿಗೆ. ಮದುವೆ ಮನೇಲಿ ಪಾಯಸ ನಿಮ್ದು, ಪಲ್ಯ ನಮ್ದು ಅಂತ ಹಂಚ್ಕೋತಾರಲ್ಲ ಹಾಗೆ. ಜರ್ಮನಿಯವ್ರು ಅಚ್ಚುಕಟ್ಟಾಗಿ ಅಕಾಡೆಮಿ ಮಾಡಿ ಆಫೀಸರ್‌ಗಳಿಗೆ ವರ್ಷಗಟ್ಲೆ ಪಾಠ ಮಾಡೋಕೆ ಹೊರಟ್ರು, ಇದು ಯಾವ ಕಾಲಕ್ಕೆ ಮುಗಿಯುತ್ತೆ ಅಂತ ಅಮೆರಿಕದವ್ರು ಖಾಸಗಿ ಕಂಪನಿ ಕರ್ಕೊಂಡು ಬಂದು ಕೆಲವೇ ವಾರಗಳ ಟ್ರೇನಿಂಗ್ ಕೊಟ್ಟು ಬೀದಿಗೆ ಬಿಟ್ರು. ಬ್ರಿಟನ್ ಕಥೆ ಇನ್ನೂ ಮಜಾ. ಅಫೀಮು ಬರೋದು ಗಸಗಸೆ ಗಿಡದಿಂದ, ಆ ಬೆಳೆ ಕಿತ್ತು ಹಾಕಿದ ರೈತರಿಗೆ ಪರಿಹಾರ ಅಂತ 2002ರಲ್ಲಿ ಕ್ಯಾಶ್ ಕೊಟ್ರು, ಸಾಕಷ್ಟು ದುಡ್ಡು ಮಧ್ಯದಲ್ಲಿದ್ದ ದೊಡ್ಡವರ ಜೇಬಿಗೆ ಹೋಯ್ತು, ಕಿತ್ತರೆ ದುಡ್ಡು ಸಿಗುತ್ತೆ ಅಂತ ಗೊತ್ತಾದ ಜನ ಇನ್ನಷ್ಟು ಬಿತ್ತಿದ್ರು.

ರೈತ ಯಾಕೆ ಗಸಗಸೆ ಬಿತ್ತುತ್ತಾನೆ ಅಂತ ನನ್ನ ಫ್ರೆಂಡ್ ಒಂದ್ಸಲ ಮೆಸ್ಸಲ್ಲಿ ಕೂತು ಹೇಳಿದ್ದು ನನಗೆ ಯಾವ ರಿಪೋರ್ಟಿಗಿಂತ ಚೆನ್ನಾಗಿ ಅರ್ಥ ಆಗಿತ್ತು. ಟೊಮೆಟೊ ದಾಳಿಂಬೆ ಮಾರ್ಬೇಕಂದ್ರೆ ರಸ್ತೆ ಬೇಕು, ರಸ್ತೇಲಿ ಹತ್ತು ಕಡೆ ಬಂದೂಕು ಹಿಡ್ಕೊಂಡು ಮಾಮೂಲಿ ಕೇಳೋರು. ಅಫೀಮು ಕೊಳೆಯಲ್ಲ, ವರ್ಷ ಇಟ್ರೂ ಏನೂ ಆಗಲ್ಲ, ವ್ಯಾಪಾರಿ ಮನೆ ಬಾಗಿಲಿಗೇ ಬರ್ತಾನೆ, ಬಿತ್ತೋ ಮುಂಚೆನೇ ಮುಂಗಡ ಕೊಡ್ತಾನೆ, ಆ ಮುಂಗಡಕ್ಕೆ ಅಲ್ಲಿ ಸಲಾಂ ಅಂತಾರೆ. ಅಂದ್ರೆ ಬೆಳೆಸಾಲ ಕೊಡೋ ಬ್ಯಾಂಕು, ಎಪಿಎಂಸಿ, ಲಾರಿ ಎಲ್ಲಾ ಒಬ್ಬನೇ. ಅವನ ಜಾಗಕ್ಕೆ ಗೋಧಿ ಬೀಜದ ಪ್ಯಾಕೆಟ್ ಕೊಟ್ರೆ ಆಗುತ್ತಾ? 2002ರಲ್ಲಿ ದೇಶದಲ್ಲಿ ಸುಮಾರು 74 ಸಾವಿರ ಹೆಕ್ಟೇರ್ ಗಸಗಸೆ ಇತ್ತು, 2007ಕ್ಕೆ 1 ಲಕ್ಷ 93 ಸಾವಿರ, 2017ಕ್ಕೆ 3 ಲಕ್ಷ 28 ಸಾವಿರ. ಅದರಲ್ಲಿ ದೊಡ್ಡ ಪಾಲು ಹೆಲ್ಮಂದ್‌ದೇ, ಅದರಲ್ಲೂ ಸಾಕಷ್ಟು ಅಮೆರಿಕದವ್ರು ತೋಡಿದ ಕಾಲುವೆ ನೀರಲ್ಲಿ ಬೆಳೆದಿದ್ದು.

ಬ್ರಿಟಿಷ್ ಸೈನ್ಯ ಹೆಲ್ಮಂದ್‌ಗೆ ಬಂದಿದ್ದು 2006ರಲ್ಲಿ. ಪ್ಲಾನ್ ಕಾಗದದ ಮೇಲೆ ಚೆನ್ನಾಗೇ ಇತ್ತು, ಲಷ್ಕರ್ ಗಾಹ್ ಮತ್ತು ಗಿರಿಷ್ಕ್ ಸುತ್ತ ಒಂದು ತ್ರಿಕೋನ ಹಾಕ್ಕೊಂಡು, ಅಲ್ಲಿ ಸೈನ್ಯ ಭದ್ರತೆ ಕೊಡೋದು, ಹಿಂದೆನೇ ಅಭಿವೃದ್ಧಿ ಇಲಾಖೆಯವ್ರು ಬಂದು ಶಾಲೆ ಬಾವಿ ಮಾಡ್ಕೊಡೋದು, ಜನ ಸರ್ಕಾರದ ಕಡೆ ಆಗ್ತಾರೆ, ಆಮೇಲೆ ನಿಧಾನಕ್ಕೆ ಸುತ್ತ ಹರಡೋದು. ಅದಕ್ಕೂ ಮುಂಚೆ, 2005ರಲ್ಲಿ, ಅಲ್ಲಿನ ಗವರ್ನರ್ ಆಫೀಸಲ್ಲೇ 9 ಟನ್ ಅಫೀಮು ಸಿಕ್ಕಿತ್ತು, ಬ್ರಿಟನ್ ಒತ್ತಾಯಕ್ಕೆ ಅವನನ್ನ ತೆಗೆದ್ರು, ಸಂಬಳ ನಿಂತ ಅವನ ಬಂಟರಲ್ಲಿ ಬಹಳ ಜನ ತಾಲಿಬಾನ್ ಕಡೆ ಹೋದ್ರು. ಹೊಸ ಗವರ್ನರ್ ಬಂದು ಸಂಗಿನ್, ಮೂಸಾ ಕಲಾ, ನೌ ಜಾದ್ ಎಲ್ಲಾ ಕಡೆ ಕಾವಲಿಗೆ ಸೈನಿಕರನ್ನ ಕಳ್ಸಿ ಅಂದ. ಕಳ್ಸಿದ್ರು. ತ್ರಿಕೋನ ಅಲ್ಲಿಗೆ ಮುಗೀತು, ಒಂದೊಂದು ಊರಲ್ಲಿ ಸಣ್ಣ ಸಣ್ಣ ಗುಂಪು ಮುತ್ತಿಗೆಯಲ್ಲಿ ಸಿಕ್ಕಾಕೊಂಡು, ಕಾಪಾಡೋಕೆ ಬಂದ ಊರಿನ ಬಜಾರ್ ಮೇಲೇ ಬಾಂಬ್ ಹಾಕಿಸ್ಬೇಕಾಯ್ತು. ಮೈವಂದ್ ಅಲ್ಲಿಂದ ಬಹಳ ದೂರ ಏನಿಲ್ಲ, 1880ರಲ್ಲಿ ಬ್ರಿಟಿಷರು ಸೋತ ಜಾಗ, ಆ ಯುದ್ಧದ ಕಥೆ ಅಲ್ಲಿ ಅಜ್ಜಂದಿರ ಬಾಯಲ್ಲಿ ಇನ್ನೂ ಇದೆ. ಎಲ್ಲಾ ಬಿಟ್ಟು ಅವರನ್ನೇ ಅಲ್ಲಿಗೆ ಕಳ್ಸಿದ್ದು ಯಾರ ತಲೆಗೆ ಹೊಳೆದ ಐಡಿಯಾನೋ!

ಈಗ ಟರ್ಬೈನ್. ಮೂರನೇ ಟರ್ಬೈನ್ ಕೂರಿಸಿದ್ರೆ ಕರೆಂಟ್ ಬರುತ್ತೆ, ಕರೆಂಟ್ ಬಂದ್ರೆ ಜನ ಸರ್ಕಾರವನ್ನ ನಂಬ್ತಾರೆ, ಇದು ಲೆಕ್ಕ. 2008ರ ಆಗಸ್ಟ್ ಕೊನೇಲಿ ಬಿಡಿ ಬಿಡಿ ಮಾಡಿದ ಆ ಯಂತ್ರವನ್ನ ಸುಮಾರು ನೂರು ಗಾಡಿಗಳ ಸಾಲಲ್ಲಿ ಕಂದಹಾರ್‌ನಿಂದ ಕಜಕಿಗೆ ತಗೊಂಡು ಹೋದ್ರು, ಎರಡು ಸಾವಿರಕ್ಕೂ ಮೀರಿ ಬ್ರಿಟಿಷ್ ಸೈನಿಕರು, ಜೊತೆಗೆ ಬೇರೆ ದೇಶದವ್ರು, ಅಫ್ಘಾನ್ ಸೈನಿಕರು. ಮುಖ್ಯ ರಸ್ತೆ ಬಿಟ್ಟು ಮರುಭೂಮಿಯಲ್ಲಿ ದಾರಿ ಮಾಡ್ಕೊಂಡು ದಿನಗಟ್ಲೆ ಹೋಗಿ ತಲುಪಿದ್ರು. ಸಾಹಸ ನಿಜಕ್ಕೂ, ಇಲ್ಲ ಅನ್ನಲ್ಲ. ಪೇಪರ್‌ಗಳಲ್ಲಿ ಎರಡನೇ ಮಹಾಯುದ್ಧದ ಲೆವೆಲ್ಲಿಗೆ ಬರೆದ್ರು. ಆದ್ರೆ ಅದನ್ನ ಕೂರಿಸೋಕೆ ನೂರಾರು ಟನ್ ಸಿಮೆಂಟ್ ಬೇಕಿತ್ತು. ಸಿಮೆಂಟ್ ಲಾರಿಗಳು ಬರ್ಬೇಕಂದ್ರೆ ಅದೇ ಮುಖ್ಯ ರಸ್ತೆ ತೆರೆದಿರ್ಬೇಕು, ಒಂದು ದಿನ ಅಲ್ಲ, ದಿನಾ. ಆ ರಸ್ತೆ ತಾಲಿಬಾನ್ ಕೈಲಿತ್ತು. ಕೆಲಸಕ್ಕಿದ್ದ ಚೀನಾ ಕಂಪನಿಯವ್ರು ಜಾಗ ಖಾಲಿ ಮಾಡಿದ್ರು. ಟರ್ಬೈನ್ ಪೆಟ್ಟಿಗೆಗಳಲ್ಲೇ ವರ್ಷಗಟ್ಲೆ ಬಿದ್ದಿತ್ತು, ಕೂತಿದ್ದು 2016ರಲ್ಲಿ. ಅಷ್ಟರಲ್ಲಿ ಬ್ರಿಟಿಷ್ ಸೈನ್ಯ ಹೆಲ್ಮಂದ್ ಬಿಟ್ಟು ಎರಡು ವರ್ಷ ಆಗಿತ್ತು. ಇನ್ನೊಂದು, ಇದ್ದ ಎರಡು ಟರ್ಬೈನಿಂದ ಬರ್ತಿದ್ದ ಕರೆಂಟ್ ಲೈನು ತಾಲಿಬಾನ್ ಹಳ್ಳಿಗಳ ಮೇಲೇ ಹಾದು ಹೋಗ್ತಿತ್ತು, ಅಲ್ಲಿ ಬಿಲ್ ವಸೂಲಿ ಮಾಡ್ತಿದ್ದೂ ತಾಲಿಬಾನ್‌ನವ್ರೇ!

ನನಗೆ ಇಲ್ಲಿ ಸಿಟ್ಟು ಬರೋದು ದುಡ್ಡು ವೇಸ್ಟ್ ಆಯ್ತು ಅಂತಷ್ಟೇ ಅಲ್ಲ, ಅದೂ ಇದೆ ಬಿಡಿ. 20 ವರ್ಷದಲ್ಲಿ ಅಮೆರಿಕ ಪುನರ್ನಿರ್ಮಾಣಕ್ಕೆ ಅಂತಲೇ ಸುರಿದಿದ್ದು ಸುಮಾರು 14,500 ಕೋಟಿ ಡಾಲರ್, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಅಫ್ಘಾನ್ ಸೈನ್ಯ ಪೊಲೀಸ್‌ಗೆ. ಇಟಲಿಯಿಂದ 20 ಹಳೇ ಸರಕು ವಿಮಾನ ತರಿಸೋ ಯೋಜನೆಗೆ ಸುಮಾರು 55 ಕೋಟಿ ಡಾಲರ್ ಖರ್ಚು ಮಾಡಿ, 16 ವಿಮಾನಗಳನ್ನ ಪೌಂಡಿಗೆ 6 ಸೆಂಟ್ ಹಾಗೆ ಗುಜರಿಗೆ ಹಾಕಿದ್ರು. ಇವನ್ನೆಲ್ಲ ಹೊರಗೆ ಹಾಕಿದ್ದು ಅವರದ್ದೇ ಸಿಗಾರ್ ಅನ್ನೋ ಲೆಕ್ಕ ತಪಾಸಣೆ ಸಂಸ್ಥೆ, ಅದಕ್ಕೆ ಮೆಚ್ಚಲೇಬೇಕು.

ಸಿಟ್ಟು ಬರೋದು ದುಡ್ಡನ್ನ ಬಂದೂಕಿನ ಥರ ಬಳಸಿದ್ದಕ್ಕೆ. ಅಮೆರಿಕನ್ ಸೈನ್ಯದ ಒಂದು ಕೈಪಿಡಿ ಹೆಸರಲ್ಲೇ ಹಣವನ್ನ ಆಯುಧ ಅಂತ ಕರೆದಿದ್ರು. ಹಾಗಾಗಿ ದುಡ್ಡು ಎಲ್ಲಿ ಗುಂಡಿನ ಚಕಮಕಿ ಇದೆಯೋ ಅಲ್ಲಿಗೆ ಹರೀತು, ಬಾಮಿಯಾನ್ ಥರ ತಣ್ಣಗಿದ್ದ ಬಡ ಪ್ರಾಂತ್ಯದವ್ರು ಕಾಯ್ತಾ ಕೂತ್ರು, ನಾವೂ ನಾಲ್ಕು ಬಾಂಬ್ ಹಾಕಿದ್ರೆ ನಮಗೂ ರಸ್ತೆ ಬರುತ್ತಾ ಅಂತ ಅವ್ರಿಗೆ ಅನ್ನಿಸಿದ್ರೆ ತಪ್ಪೇನು. ಸೈನ್ಯದ ಸಾಮಾನು ಸಾಗಿಸೋ ಲಾರಿ ಕಂಪನಿಗಳು ದಾರೀಲಿ ಪಾಳೇಗಾರರಿಗೆ ದುಡ್ಡು ಕೊಟ್ಟು ಹೋಗ್ತಿದ್ವು, ಅದರಲ್ಲಿ ಒಂದಷ್ಟು ತಾಲಿಬಾನ್‌ಗೂ ತಲುಪಿರ್ಬಹುದು ಅಂತ 2010ರಲ್ಲಿ ಅಮೆರಿಕದ ಸಂಸತ್ತಿನ ತನಿಖೆನೇ ಹೇಳ್ತು.

ಎಲ್ಲಾ ಕೆಟ್ಟದ್ದೇ ಆಯ್ತು ಅಂದ್ರೆ ಅನ್ಯಾಯ ಆಗುತ್ತೆ. 2003ರಿಂದ ನಡೆದ ರಾಷ್ಟ್ರೀಯ ಐಕ್ಯತಾ ಕಾರ್ಯಕ್ರಮದಲ್ಲಿ ಹಳ್ಳಿಯವ್ರೇ ಮಂಡಳಿ ಆರಿಸ್ಕೊಂಡು, ಮನೆಗೆ 200 ಡಾಲರ್ ಲೆಕ್ಕದಲ್ಲಿ ಹಳ್ಳಿಗೆ ಗರಿಷ್ಠ 60 ಸಾವಿರ ಡಾಲರ್ ತಗೊಂಡು, ಬಾವಿನೋ ಸಣ್ಣ ಸೇತುವೆನೋ ತಾವೇ ನಿರ್ಧಾರ ಮಾಡ್ತಿದ್ರು. 500 ಹಳ್ಳಿಗಳಲ್ಲಿ ಪರೀಕ್ಷೆ ಮಾಡಿ ನೋಡಿದ್ರೆ ಜನ ಸರ್ಕಾರದ ಬಗ್ಗೆ ಸ್ವಲ್ಪ ಒಳ್ಳೇ ಮಾತಾಡೋಕೆ ಶುರು ಮಾಡಿದ್ರು, ಆದ್ರೆ ಮೊದಲೇ ಯುದ್ಧ ಜೋರಾಗಿದ್ದ ಪಾಕಿಸ್ತಾನದ ಗಡಿ ಕಡೆ ಅದರಿಂದ ಏನೂ ಆಗ್ಲಿಲ್ಲ. ಅಂದ್ರೆ ಬಾವಿ ತೋಡಿ ಯುದ್ಧ ನಿಲ್ಲಿಸೋಕಾಗಲ್ಲ, ಯುದ್ಧ ಇಲ್ಲದ ಕಡೆ ಬಾವಿಗೆ ಬೆಲೆ ಇದೆ.

ನಮ್ಮ ದೇಶವೂ ಸುಮ್ನೆ ಧರ್ಮಕ್ಕೆ ಕೊಟ್ಟಿದ್ದಲ್ಲ. ಜರಂಜ್–ದೆಲಾರಾಂ 218 ಕಿಲೋಮೀಟರ್ ಹೈವೇ ಮಾಡಿದ್ದು ಪಾಕಿಸ್ತಾನ ಮುಟ್ಟದೆ ಇರಾನ್ ಮೂಲಕ ದಾರಿ ಸಿಗ್ಲಿ ಅಂತ. ಆದ್ರೂ ಸೈನ್ಯ ಕಳ್ಸಲಿಲ್ಲ, ಹೆರಾತ್‌ನ ಸಲ್ಮಾ ಡ್ಯಾಮ್ ತಡ ಆಗಿ ಆಗಿ 2016ರಲ್ಲಿ ಮುಗೀತು, ಮುಗೀತಲ್ಲ. ಆ ಸ್ಕಾಲರ್‌ಶಿಪ್ ಇಲ್ದಿದ್ರೆ ನನ್ನ ಫ್ರೆಂಡು ಧಾರವಾಡದ ಪೇಡಾ ತಿಂತಿರ್ಲಿಲ್ಲ.

ಅವನು ಈಗ ಬೇರೆ ದೇಶದಲ್ಲಿದ್ದಾನೆ, ಮನೆಯವ್ರು ಮಾತ್ರ ಹೆಲ್ಮಂದ್‌ನಲ್ಲೇ. ಕಜಕಿಯಲ್ಲಿ 2022ರಲ್ಲಿ ಟರ್ಕಿ ಕಂಪನಿಯೊಂದು ಇನ್ನೂ 100 ಮೆಗಾವ್ಯಾಟ್ ಸೇರಿಸ್ತು, ಉದ್ಘಾಟನೆ ಮತ್ತೆ ಅಧಿಕಾರಕ್ಕೆ ಬಂದಿದ್ದ ತಾಲಿಬಾನ್ ಮಂತ್ರಿಗಳದ್ದು. ಅದೇ ವರ್ಷ ಗಸಗಸೆ ನಿಷೇಧ ಬಂತು, 2023ರಲ್ಲಿ ಬೆಳೆ 95 ಪರ್ಸೆಂಟ್ ಕಮ್ಮಿ ಆಯ್ತು, ಬ್ರಿಟನ್ ಅಮೆರಿಕ ಕೋಟಿಗಟ್ಲೆ ಸುರಿದು ಮಾಡಕ್ಕಾಗದ್ದು ಒಂದು ಆದೇಶದಲ್ಲಿ, ಹೆದರಿಕೆಯಲ್ಲಿ. ಮನೇಲಿ ಅಫೀಮು ಕೂಡಿಟ್ಟಿದ್ದ ದೊಡ್ಡ ಜಮೀನ್ದಾರರಿಗೆ ಬೆಲೆ ಏರಿ ಲಾಟ್ರಿ ಹೊಡೀತು. ನನ್ನ ಫ್ರೆಂಡಿನ ಅಪ್ಪ ಗೋಧಿ ಹಾಕಿದ್ರಂತೆ. ಹೇಗಿದೆ ಬೆಳೆ ಅಂತ ಕೇಳಿದ್ದಕ್ಕೆ ಒಂದು ಫೋಟೋ ಕಳ್ಸಿದ, ಹೊಲದ ಒಂದು ಮೂಲೇಲಿ ಬೆಳ್ಳಗೆ ಉಪ್ಪು ಎದ್ದಿತ್ತು. ನಮ್ಮಪ್ಪನಿಗೆ ತೋರಿಸ್ದೆ. ಕನ್ನಡಕ ಏರಿಸ್ಕೊಂಡು ನೋಡಿ, "ಇದು ಯಾವ ಕ್ಯಾಂಪು?" ಅಂತ ಕೇಳಿದ್ರು.