ಮೂರನೇ ಮಹಡಿಯ ಪಿಯಾನೋ

ನಾವಿರುವುದು ನ್ಯೂಯಾರ್ಕ್‌ನ ಅಸ್ಟೋರಿಯಾದಲ್ಲಿ. ಸ್ಟೈನ್‌ವೇ ಪಿಯಾನೋ ಕಾರ್ಖಾನೆ ಇಲ್ಲೇ ಇದೆ, ಆ ಹೆಸರಿನ ಬೀದಿಯೂ ಇದೆ. ಹಾಗಂತ ಇಲ್ಲಿ ಹಳೇ ಪಿಯಾನೋಗೆ ಬೆಲೆ ಜಾಸ್ತಿ ಅಂದ್ಕೋಬೇಡಿ. 1909ರ ಆಸುಪಾಸಿನಲ್ಲಿ ಅಮೆರಿಕದಲ್ಲಿ ವರ್ಷಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಪಿಯಾನೋ ತಯಾರಾಗುತ್ತಿದ್ದವು. ಅವುಗಳಲ್ಲಿ ಉಳಿದವು ಈಗ ಹಳೇ ಅಪಾರ್ಟ್‌ಮೆಂಟ್‌ಗಳಲ್ಲಿ ನಿಂತಿವೆ. ಪುಕ್ಕಟೆ ಕೊಡ್ತೀವಿ ಅಂದರೂ ಒಯ್ಯುವವರಿಲ್ಲ.

ನಮ್ಮ ಮೇಲಿನ ಮನೆಯ ಸಂಗೀತದ ಟೀಚರ್ ಊರು ಬಿಟ್ಟು ಮಗನ ಹತ್ತಿರ ಹೊರಟರು. ನನ್ನ ಮಗಳಿಗೆ ಮೊದಲ ಪಾಠ ಹೇಳಿಕೊಟ್ಟವರು ಅವರೇ. ಅವರ ಪಿಯಾನೋ ವಿಲೇವಾರಿ ಮಾಡಿಸುವ ಕೆಲಸ ನಾನು ವಹಿಸಿಕೊಂಡೆ.

ಮೊದಲು ಪಿಯಾನೋ ಶ್ರುತಿ ಮಾಡುವ ಟ್ಯೂನರ್‌ನ ಕರೆಸಿದೆ. ಇದನ್ನು ಮಾತ್ರ ಯಾರೂ ಬಿಡಬೇಡಿ. ಆತ ಮೇಲಿನ ಮುಚ್ಚಳ ಎತ್ತಿ, ಕಬ್ಬಿಣದ ಚೌಕಟ್ಟಿನ ಮೇಲಿದ್ದ ನಂಬರ್ ಓದಿದ. ಅದರಿಂದ ತಯಾರಾದ ವರ್ಷ ಗೊತ್ತಾಗುತ್ತದೆ. ಆಮೇಲೆ ತಂತಿ ಬಿಗಿಯುವ ಪಿನ್ನಿಗೆ ಕೀಲಿ ಹಾಕಿ ತಿರುಗಿಸಿದ. ಪಿನ್ನು ಸಲೀಸಾಗಿ ತಿರುಗಿತು, ಕೈ ಬಿಟ್ಟ ಕೂಡಲೇ ಹಿಂದಕ್ಕೆ ಜಾರಿತು. ಪಿನ್ನು ಹಿಡಿದಿಡುವ ಮರದ ಹಲಗೆ ಬಿರುಕು ಬಿಟ್ಟಿತ್ತು. ಅಂದರೆ ಇನ್ನು ಶ್ರುತಿ ನಿಲ್ಲುವುದಿಲ್ಲ. ಇಂಥದ್ದನ್ನು ಶಾಲೆಗೋ ಚರ್ಚಿಗೋ ದಾನ ಮಾಡಿದರೆ ನಮ್ಮ ಹೊರೆಯನ್ನು ಅವರ ತಲೆಗೆ ಕಟ್ಟಿದ ಹಾಗೆ, ಅಲ್ವಾ?

ಮಾಮೂಲಿ ಸಾಮಾನು ಸಾಗಿಸುವ ಒಂದು ಕಂಪನಿಗೆ ಫೋನ್ ಮಾಡಿದೆ. ಏನೂ ಕೇಳದೆ ರೇಟು ಹೇಳಿಬಿಟ್ಟರು. ಬೇಡ ಅಂದೆ. ಪಿಯಾನೋ ಕೆಲಸವನ್ನೇ ಮಾಡುವವರ ಮಾತೇ ಬೇರೆ. ಎಷ್ಟು ಎತ್ತರದ ಪಿಯಾನೋ, ಎಷ್ಟನೇ ಮಹಡಿ, ಲಿಫ್ಟ್ ಇದೆಯಾ, ಮೆಟ್ಟಿಲು ಎಲ್ಲಿ ತಿರುಗುತ್ತೆ, ತಿರುವಿನಲ್ಲಿ ಅಗಲ ಎಷ್ಟು? ಫೋಟೋ ಕಳಿಸಿ ಅಂದರು. ಬಿಲ್ಡಿಂಗ್‌ನವರಿಗೆ ವಿಮೆಯ ಪತ್ರ ಬೇಕಾ ಅಂತ ಅವರೇ ಕೇಳಿದರು. ಇಲ್ಲಿ ಎಷ್ಟೋ ಕಟ್ಟಡಗಳಲ್ಲಿ ಆ ಪತ್ರ ಇಲ್ಲದಿದ್ದರೆ ಸಾಮಾನು ಬಾಗಿಲು ದಾಟುವಂತಿಲ್ಲ.

ನಮಗೆ ಲಿಫ್ಟ್ ಇಲ್ಲ. ಗೋಡೆ ಪಕ್ಕ ನೆಟ್ಟಗೆ ನಿಲ್ಲುವ ಸಾಧಾರಣ ಅಪ್‌ರೈಟ್ ಪಿಯಾನೋ ಅಂದರೂ 200-300 ಕೆ.ಜಿ. ತೂಗುತ್ತದೆ, ಭಾರವೆಲ್ಲ ಹಿಂಭಾಗದ ಕಬ್ಬಿಣದಲ್ಲಿ. ಇಡೀ ಪಿಯಾನೋ ಇಳಿಸುವ ಬದಲು ಮೇಲೇ ಬಿಚ್ಚೋಣ ಅಂದ ಆ ಪಿಯಾನೋ ಸಾಗಿಸುವವರ ಮೇಸ್ತ್ರಿ. ಆದರೆ ಸುಮ್ನೆ ಸುತ್ತಿಗೆ ತಗೊಂಡು ಬಡಿಯುವ ಕೆಲಸ ಅಲ್ಲ ಅದು. ಇನ್ನೂರಕ್ಕೂ ಮೀರಿ ತಂತಿಗಳು, ಎಲ್ಲದರ ಎಳೆತ ಸೇರಿದರೆ ಹದಿನೈದು ಟನ್ ಮೇಲಾಗುತ್ತದೆ. ಸುಮ್ನೆ ಕತ್ತರಿಸಿದರೆ ತಂತಿ ಕಣ್ಣಿಗೇ ಹಾರಬಹುದು. ಕನ್ನಡಕ, ಕೈಗವಸು ಹಾಕಿಕೊಂಡು ಒಂದೊಂದೇ ಪಿನ್ನು ಸಡಿಲಿಸುತ್ತಾ ಹೋದರು. ಒಂದೇ ಕಡೆ ಪೂರ್ತಿ ಸಡಿಲಿಸದೆ, ಈ ತುದಿ ಸ್ವಲ್ಪ, ಆ ತುದಿ ಸ್ವಲ್ಪ.

ಕೀಲಿ ಒತ್ತಿದಾಗ ತಂತಿಗೆ ಬಡಿಯುವ, ಉಣ್ಣೆ ಸುತ್ತಿದ ಒಳಗಿನ ಪುಟ್ಟ ಸುತ್ತಿಗೆಗಳ ಸಾಲನ್ನು ಇಡಿಯಾಗಿ ಹೊರತೆಗೆದಾಗ ಟೀಚರ್ ಹತ್ತಿರ ಬಂದು ನೋಡಿದರು. ನಡುವಿನ ಸ್ವರಗಳ ಸುತ್ತಿಗೆಗಳ ಉಣ್ಣೆಯಲ್ಲಿ ಮೂರು ಮೂರು ಗೆರೆ, ತಂತಿ ಕಚ್ಚಿದ ಗುರುತು. ತುದಿಯ ಸುತ್ತಿಗೆಗಳು ಹೆಚ್ಚುಕಮ್ಮಿ ಹೊಸದರ ಹಾಗೇ ಇದ್ದವು. ಮಕ್ಕಳು ಅಲ್ಲಿವರೆಗೂ ಕೈ ಚಾಚುವುದು ಕಮ್ಮಿ ಅಂದರು ಅವರು.

ಕಬ್ಬಿಣದ ಚೌಕಟ್ಟಿಗೆ ಬೆಲ್ಟ್ ಕಟ್ಟಿ ಇಳಿಸಿದರು. ಒಬ್ಬನೇ ಮಾತಾಡಬೇಕು, ಉಳಿದವರು ಕೇಳಬೇಕು, ಕೆಳಗಿನ ಮೆಟ್ಟಿಲಲ್ಲಿ ಬೇರೆ ಯಾರೂ ನಿಲ್ಲಬಾರದು. ಇದು ಅವರ ನಿಯಮ. ಚೌಕಟ್ಟು, ತಂತಿ ಗುಜರಿಗೆ ಹೋದವು. ಸುತ್ತಿಗೆಗಳ ಸಾಲನ್ನು ಟ್ಯೂನರ್ ಬಿಡಿಭಾಗಕ್ಕೆ ಅಂತ ಇಟ್ಟುಕೊಂಡ. ಬೆರಳಿಂದ ಒತ್ತುವ ಕೀಲಿಗಳ ಮೇಲೆ ಆನೆದಂತದ ಪಟ್ಟಿ ಇತ್ತು. ಅದನ್ನು ಬಿಡಿಯಾಗಿ ಮಾರಲು ಹೋಗಬೇಡಿ ಅಂತ ಮೇಸ್ತ್ರಿ ಎಚ್ಚರಿಸಿದ. ನ್ಯೂಯಾರ್ಕ್ ರಾಜ್ಯದಲ್ಲಿ ದಂತದ ಮಾರಾಟಕ್ಕೆ 2014ರಿಂದ ಬಿಗಿ ಕಾನೂನಿದೆ.

ಕೆಲವು ನೂರು ಡಾಲರ್ ಖರ್ಚಾಯಿತು. ಅಷ್ಟೊಂದು ಯಾಕೆ ಅಂತ ಗೆಳೆಯರು ಕೇಳಿದರು. ಆ ಮೆಟ್ಟಿಲ ತಿರುವಿನಲ್ಲಿ ನಿಂತು ನೋಡಿದವರು ಹಾಗೆ ಕೇಳುವುದಿಲ್ಲ. ಗೋಡೆಗೆ ಒಂದು ಗೀರೂ ಬೀಳಲಿಲ್ಲ, ಯಾರ ಬೆರಳೂ ಜಜ್ಜಲಿಲ್ಲ. ಈ ಕೆಲಸಕ್ಕೆ ಅದು ಸರಿಯಾದ ಕೂಲಿ ಅಂತಲೇ ನಾನು ಹೇಳುತ್ತೇನೆ.