ಚಿರತೆಯ ಹೊಟ್ಟೆಯಲ್ಲಿ ಡಾಲ್ಫಿನ್: ಮರುಟಂಕನದ ಪ್ರಯೋಗ, ಈವರೆಗೆ

ಜನವರಿ 11

ಸಿಸಿಲಿಯಲ್ಲಿ ಎಟ್ನಾ ಅಗ್ನಿಪರ್ವತದ ನೈರುತ್ಯಕ್ಕೆ, ಬೆಟ್ಟದ ನೆತ್ತಿಯಲ್ಲಿ ಕೆಂಟೊರಿಪೈ ಎಂಬ ಊರಿತ್ತು. ಕ್ರಿ.ಪೂ. 4ನೆಯ ಶತಮಾನದ ಉತ್ತರಾರ್ಧದಲ್ಲಿ ಆ ಊರು ಹೊರಡಿಸಿದ ದಪ್ಪ ಕಂಚಿನ ನಾಣ್ಯವೊಂದು ಮೂರು ತಿಂಗಳಿಂದ ನನ್ನ ನಿದ್ದೆ ಕೆಡಿಸಿದೆ. ಮುಮ್ಮುಖದಲ್ಲಿ ಗ್ರೀಕ್ ದೇವತೆ ಪರ್ಸೆಫೊನೆಯ ತಲೆ, ಸುತ್ತ ಡಾಲ್ಫಿನ್‌ಗಳು; ಹಿಮ್ಮುಖದಲ್ಲಿ ಚಿರತೆ. ನಾಣ್ಯಕ್ಕಾಗಿ ಹೊಸ ಬಿಲ್ಲೆ ಎರಕ ಹೊಯ್ಯುವ ಗೋಜಿಗೆ ಅವರು ಹೋಗಲಿಲ್ಲ. ಸಿಸಿಲಿಯ ಬಲಿಷ್ಠ ಗ್ರೀಕ್ ನಗರ ಸಿರಕ್ಯೂಸಿನ ಹಳೆಯ ನಾಣ್ಯಗಳನ್ನೇ ಅಡಿಗಲ್ಲಿನ ಮೇಲಿಟ್ಟು, ಅವುಗಳ ಮೇಲೆಯೇ ತಮ್ಮ ಅಚ್ಚನ್ನು ಹೊಡೆದರು. ಇದೇ ಮರುಟಂಕನ. ಆ ಹಳೆಯ ನಾಣ್ಯ ಸುಮಾರು 30 ಗ್ರಾಂ ತೂಗುತ್ತದೆ: ಒಂದು ಕಡೆ ಶಿರಸ್ತ್ರಾಣ ತೊಟ್ಟ ದೇವತೆ ಅಥೀನಾ, ಇನ್ನೊಂದು ಕಡೆ ಎರಡು ಡಾಲ್ಫಿನ್‌ಗಳ ನಡುವೆ ನಕ್ಷತ್ರಮೀನು.

ನನ್ನ ಬಳಿ ಇರುವುದು ನಾಣ್ಯಗಳಲ್ಲ, 11 ನಾಣ್ಯಗಳ ದೊಡ್ಡದು ಮಾಡಿದ ಛಾಯಾಚಿತ್ರಗಳು. ಸಿರಕ್ಯೂಸಿನ ಎರಡೂ ಮುಖಗಳನ್ನು ಪಾರದರ್ಶಕ ಹಾಳೆಯಲ್ಲಿ ಬಿಡಿಸಿಕೊಂಡು, ಚಿತ್ರದ ಮೇಲಿಟ್ಟು ಗಡಿಯಾರದ ಮುಳ್ಳಿನಂತೆ ತಿರುಗಿಸುತ್ತಾ ಹೊಸ ಅಚ್ಚಿನ ಅಡಿಯಲ್ಲಿ ಅಳಿಯದೆ ಉಳಿದ ಹಳೆಯ ಗೆರೆಗಳಿಗೆ ಹೊಂದಿಸುವುದು ಕೆಲಸ. ಟಂಕಸಾಲೆಯವನು ಹಳೆಯ ನಾಣ್ಯವನ್ನು ಯಾವ ಕೋನದಲ್ಲಿಟ್ಟನೋ, ಯಾವ ಮುಖ ಮೇಲೆ ಮಾಡಿದನೋ ಹೇಳುವವರಿಲ್ಲ. ಈವರೆಗೆ 11ರಲ್ಲಿ ಹೊಂದಿದ್ದು 4. ಉಳಿದವುಗಳಲ್ಲಿ ನನಗೆ ಕಾಣುವುದು ಬರೀ ಸವೆತ.

ಜನವರಿ 19

ಹಾಳೆ ತಿರುಗಿಸಿ ಬೇಸರ ಬಂತು. ನಾನೇ ಒಂದು ಹೊಡೆದು ನೋಡುತ್ತೇನೆ. ಹೇಗೆ ಅಳಿಯುತ್ತದೆ ಎಂದು ಗೊತ್ತಾದರೆ ಎಲ್ಲಿ ಹುಡುಕಬೇಕು ಎಂದೂ ಗೊತ್ತಾದೀತು.

ಬೀದಿಯ ಕೊನೆಯ ಲೇತ್ ಅಂಗಡಿಯ ಮೇಸ್ತ್ರಿ ತಾಮ್ರದ ಸರಳಿನಿಂದ 6 ಬಿಲ್ಲೆ ಕತ್ತರಿಸಿಕೊಟ್ಟರು: ಅಡ್ಡಳತೆ 30 ಮಿ.ಮೀ., ದಪ್ಪ 5 ಮಿ.ಮೀ. ತೂಕ 31 ಗ್ರಾಂ ಚಿಲ್ಲರೆ. ಕಂಚು ಸಿಗಲಿಲ್ಲ, ತವರವಿಲ್ಲದ ತಾಮ್ರ ಅದಕ್ಕಿಂತ ಮೃದು ಎಂಬುದನ್ನು ನೆನಪಿಟ್ಟುಕೊಂಡು ನೋಡಬೇಕು. ಉಕ್ಕಿನ ತುಂಡುಗಳ ಮೇಲೆ ಎರಡು ಅಚ್ಚು ಕೊರೆಯತೊಡಗಿದ್ದೇನೆ. ಒಂದು ನಕ್ಷತ್ರಮೀನು, ಇನ್ನೊಂದು ಚಿರತೆ. ಎರಡನ್ನೂ ಎಡಬಲ ತಿರುಗಿಸಿ ತೋಡಬೇಕು. ನನ್ನ ಚಿರತೆ ನಾಯಿಯಂತಾಗಿದೆ, ಇರಲಿ.

ಫೆಬ್ರವರಿ 2

ಮೊದಲ ಬಿಲ್ಲೆಯನ್ನು ತಣ್ಣಗಿರುವಾಗಲೇ ಹೊಡೆದೆವು. ನಾನು ಇಕ್ಕಳದಿಂದ ಅಚ್ಚು ಹಿಡಿದೆ, ಮೇಸ್ತ್ರಿಯವರು ದೊಡ್ಡ ಸುತ್ತಿಗೆ ಎತ್ತಿದರು. ಒಂದು ಏಟಿಗೆ ಬಿದ್ದದ್ದು ನಕ್ಷತ್ರದ ನೆರಳು ಮಾತ್ರ. ಎರಡನೆಯ ಏಟಿಗೆ ಅಚ್ಚು ಜಾರಿ ನಕ್ಷತ್ರ ಎರಡಾಯಿತು. ಮುಂದಿನದನ್ನು ಕುಲುಮೆಯಲ್ಲಿ ಮಂದ ಕೆಂಪಾಗುವವರೆಗೆ ಕಾಯಿಸಿದೆವು. ಒಂದೇ ಏಟು, ನಕ್ಷತ್ರಮೀನಿನ ತೋಳುಗಳೆಲ್ಲ ಎದ್ದು ಕುಳಿತವು. ಹೀಗೆ ನಾಲ್ಕು ‘ಸಿರಕ್ಯೂಸ್’ ತಯಾರಾದವು.

ಫೆಬ್ರವರಿ 9

ಇಂದು ಚಿರತೆ ಬೇಟೆಗೆ ಹೊರಟಿತು.

“ಇದೇನು ಸ್ವಾಮಿ, ಕಷ್ಟಪಟ್ಟು ಮಾಡಿದ್ದನ್ನು ನೀವೇ ಹಾಳು ಮಾಡುತ್ತೀರಲ್ಲ?” ಎಂದರು ಮೇಸ್ತ್ರಿ. ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆ ಮೊದಲು ಹಾಳು ಮಾಡಿದವರು ನಾನಲ್ಲ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ.

ತಣ್ಣಗಿನ ಬಿಲ್ಲೆಯಲ್ಲಿ ಹಳೆಯದೂ ಹೊಸದೂ ಕಲಸಿಹೋಗಿ ಎರಡೂ ಓದಲಾಗದಂತಾಯಿತು. ಮೊದಲ ಏಟು ತಿಂದ ತಾಮ್ರ ಗಡಸಾಗಿರುತ್ತದೆ, ಮತ್ತೆ ಕಾಯಿಸದೆ ಮಣಿಯುವುದಿಲ್ಲ. ಚೆನ್ನಾಗಿ ಕಾಯಿಸಿದ್ದರಲ್ಲಿ ಚಿರತೆ ಸ್ಫುಟವಾಗಿ ಮೂಡಿತು, ನಕ್ಷತ್ರಮೀನು ಬಯಲಿನಿಂದ, ಅಂದರೆ ಚಿತ್ರದ ಸುತ್ತಲಿನ ಸಮತಟ್ಟಾದ ಜಾಗದಿಂದ, ಪೂರ್ತಿ ಮಾಯ. ಅಂಚಿನಲ್ಲಿ ಒಂದು ಡಾಲ್ಫಿನ್ನಿನ ಬಾಲ ಉಳಿದಿತ್ತು. ಅಚ್ಚು ಅಲ್ಲಿಗೆ ಮುಟ್ಟಿರಲಿಲ್ಲ, ಅದು ನಿರೀಕ್ಷಿತವೇ. ನಾನು ನಿರೀಕ್ಷಿಸದೇ ಇದ್ದದ್ದು ಇನ್ನೊಂದು: ಚಿರತೆಯ ಹೊಟ್ಟೆಯ ನಡುವೆ, ನಾಣ್ಯದ ಅತಿ ಎತ್ತರದ ಜಾಗದಲ್ಲಿ, ನಕ್ಷತ್ರಮೀನಿನ ಒಂದು ತೋಳು!

ರಾತ್ರಿ ಅಚ್ಚನ್ನೂ ಬಿಲ್ಲೆಯನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿದಾಗ ಹೊಳೆಯಿತು. ನಾಣ್ಯದಲ್ಲಿ ಉಬ್ಬಿದ್ದು ಅಚ್ಚಿನಲ್ಲಿ ಕುಳಿ. ಏಟು ಬಿದ್ದಾಗ ಅಚ್ಚಿನ ಸಮತಟ್ಟಾದ ಮೈ ಮೊದಲು ಲೋಹವನ್ನು ತಾಕಿ ಹಳೆಯ ಉಬ್ಬುಗಳನ್ನು ಅದುಮಿಬಿಡುತ್ತದೆ. ಲೋಹ ಕುಳಿಯೊಳಗೆ ಏರುತ್ತದೆ. ಏಟು ಸಾಲದಿದ್ದರೆ ಕುಳಿಯ ತಳ ಮುಟ್ಟದೆ ನಡುವೆಯೇ ನಿಲ್ಲುತ್ತದೆ. ಅಲ್ಲಿ ಅಚ್ಚು ಲೋಹವನ್ನು ತಾಕುವುದೇ ಇಲ್ಲ, ಹಳೆಯ ಚಿತ್ರ ಹೆಗಲೇರಿದ ಮಗುವಿನಂತೆ ಹೊಸದರ ಮೇಲೆ ಕುಳಿತುಬಿಡುತ್ತದೆ. ನಾನು ಮೂರು ತಿಂಗಳಿಂದ ಬಯಲಿನಲ್ಲೇ ತಡಕಾಡುತ್ತಿದ್ದೆ.

ಫೆಬ್ರವರಿ 16

ಚಿತ್ರಗಳಿಗೆ ಮರಳಿದೆ. ಈ ಸಲ ಪರ್ಸೆಫೊನೆಯ ಕೆನ್ನೆ, ಕುತ್ತಿಗೆ, ಚಿರತೆಯ ಪಕ್ಕೆ, ಆಮೇಲೆ ಅಂಚು. 7ರಲ್ಲಿ 3 ಒಂದೇ ಸಂಜೆ ಬಿಟ್ಟುಕೊಟ್ಟವು. ಒಂದರಲ್ಲಿ ಕೆನ್ನೆಯ ಮೇಲೆ ಗಾಯದಂತೆ ಕಾಣುತ್ತಿದ್ದ ಗೆರೆ ಅಥೀನಾಳ ಶಿರಸ್ತ್ರಾಣದ ಅಂಚು. ಇನ್ನೊಂದರಲ್ಲಿ ಚಿರತೆಯ ಹೊಟ್ಟೆಗೆ ಅಡ್ಡವಾಗಿ ಡಾಲ್ಫಿನ್ ಮಲಗಿದೆ.

ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಮೊದಲು ಹೊಂದಿದವು ಎಂದು ಬರೆದಿದ್ದ 4ರಲ್ಲಿ ಒಂದು ಸುಳ್ಳು. ಪರ್ಸೆಫೊನೆಯ ಹಿಂದೆ ಕಂಡ ಡಾಲ್ಫಿನ್ನನ್ನು ಸಿರಕ್ಯೂಸಿನದು ಎಂದು ಎಣಿಸಿದ್ದೆ. ಕೆಂಟೊರಿಪೈಯ ಅಚ್ಚಿನಲ್ಲೇ ಡಾಲ್ಫಿನ್‌ಗಳಿವೆಯಲ್ಲ! ಚಿರತೆಯ ಬದಿಯಲ್ಲಿ ಸಿಕ್ಕರೆ ಅದು ಸಾಕ್ಷಿ, ತಲೆಯ ಬದಿಯಲ್ಲಿ ಸಿಕ್ಕರೆ ಅಲ್ಲ. ಈಗ ಲೆಕ್ಕ 6.

ಫೆಬ್ರವರಿ 23

ಸುತ್ತಿಗೆ ಮುಟ್ಟಲಿಲ್ಲ, ಓದಿನಲ್ಲೇ ಭಾನುವಾರ ಕಳೆಯಿತು.

ಅಥೀನಾ ನಾಣ್ಯವನ್ನು ಹೊರಡಿಸಿದವನು ಸಿರಕ್ಯೂಸಿನ ಸರ್ವಾಧಿಕಾರಿ ಮೊದಲನೆಯ ಡಯೊನೀಸಿಯಸ್ (ಕ್ರಿ.ಪೂ. 405–367) ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅರಿಸ್ಟಾಟಲನ ಹೆಸರಿನಲ್ಲಿ ಉಳಿದುಬಂದ ಒಂದು ಗ್ರಂಥದಲ್ಲಿ ಅವನ ಕಥೆಯೊಂದಿದೆ. ಪ್ರಜೆಗಳಿಂದ ಸಾಲ ಪಡೆದ. ಅವರು ಮರಳಿ ಕೇಳಿದಾಗ, ಇರುವ ಬೆಳ್ಳಿಯನ್ನೆಲ್ಲ ತಂದೊಪ್ಪಿಸಿ, ಇಲ್ಲದಿದ್ದರೆ ಮರಣದಂಡನೆ ಎಂದ. ಒಂದು ದ್ರಾಕ್ಮಾದ ಬೆಳ್ಳಿ ನಾಣ್ಯಕ್ಕೆ ಎರಡು ದ್ರಾಕ್ಮಾದ ಮುದ್ರೆ ಹೊಡೆಸಿ ಅದರಿಂದಲೇ ಸಾಲ ತೀರಿಸಿದ. ಇಂಥವನ ಕಂಚಿನ ಮೇಲೆ ಇತರರು ಮುದ್ರೆ ಹೊಡೆದದ್ದು ಓದಿದರೆ ನಗು ಬರುತ್ತದೆ.

ಕ್ರಿ.ಪೂ. 344ರಲ್ಲಿ ಕೊರಿಂಥ್‌ನಿಂದ ಬಂದ ಟಿಮೋಲಿಯನ್ ಸಿಸಿಲಿಯ ಸರ್ವಾಧಿಕಾರಿಗಳನ್ನು ಒಬ್ಬೊಬ್ಬರಾಗಿ ಇಳಿಸಿದ. ಕೆಂಟೊರಿಪೈಯ ನಿಕೊಡೀಮಸ್ ಅವರಲ್ಲೊಬ್ಬ. ಗ್ರೀಕ್ ಲೇಖಕ ಪ್ಲುಟಾರ್ಕ್ ಹೇಳುವಂತೆ, ಹಣವಿಲ್ಲದ ಸಿರಕ್ಯೂಸ್ ಜನ ತಮ್ಮ ಸರ್ವಾಧಿಕಾರಿಗಳ ಪ್ರತಿಮೆಗಳನ್ನೇ ವಿಚಾರಣೆಗೆ ನಿಲ್ಲಿಸಿ, ಮತ ಹಾಕಿ, ಮಾರಿದರು. ಕಾರ್ಥೇಜನ್ನು ಸೋಲಿಸಿದ್ದ ಗೆಲೋನ್ ಒಬ್ಬನ ಪ್ರತಿಮೆಯನ್ನು ಉಳಿಸಿಕೊಂಡರು. ಆ ದಶಕಗಳಲ್ಲಿ ಕೆಂಟೊರಿಪೈಯಂತೆಯೇ ಅಡ್ರಾನೋನ್, ಹೆರ್ಬೆಸ್ಸೋಸ್‌ನಂಥ ಊರುಗಳೂ ಸಿರಕ್ಯೂಸಿನ ಭಾರಿ ಕಂಚಿನ ಮೇಲೆ ತಮ್ಮ ಅಚ್ಚು ಹೊಡೆದವು. ಇದನ್ನು ಸೇಡು ಎಂದು ಓದುವ ಆಸೆ ನನಗೂ ಇದೆ. ಆದರೆ ಕುಲುಮೆಯ ಮುಂದೆ ನಿಂತು ಬೆವರಿದ ಮೇಲೆ ಅನುಮಾನ ಹುಟ್ಟಿದೆ. ಒಂದು ಸಣ್ಣ ಊರಿಗೆ ಸರಿಯಾದ ತೂಕದ, ದುಂಡಗಿನ, ತಯಾರಾದ ಬಿಲ್ಲೆ ಕೈಗೆ ಸಿಕ್ಕರೆ ಕರಗಿಸುವ, ಎರಕ ಹೊಯ್ಯುವ ಕೆಲಸವೆಲ್ಲ ಉಳಿಯಿತು. ಅಥೀನಾಳನ್ನು ಅಳಿಸಿಯೇ ತೀರಬೇಕೆಂಬ ಹಟವಿದ್ದರೆ ಇನ್ನೊಂದು ಏಟು ಹಾಕಬಹುದಿತ್ತು. ಹಾಕಿಲ್ಲ.

ಮಾರ್ಚ್ 2

ಚಿರತೆಯ ಅಚ್ಚು ಬಿರುಕು ಬಿಟ್ಟಿದೆ, ಹೊಟ್ಟೆಯಿಂದ ಬಾಲದವರೆಗೆ. ಉಕ್ಕನ್ನು ಹದ ಮಾಡುವಾಗ ಅವಸರಪಟ್ಟೆ, ತಪ್ಪು ನನ್ನದೇ. ಮೇಸ್ತ್ರಿಯವರು ಹೊಸ ತುಂಡು ಕೊಟ್ಟಿದ್ದಾರೆ, ಜೊತೆಗೆ ಹಳೆಯ ಕಂಚಿನ ಬುಷ್ ಒಂದನ್ನು ಹುಡುಕಿಟ್ಟಿದ್ದಾರೆ. ಅದನ್ನು ಕರಗಿಸಿದರೆ ಎರಡು ಬಿಲ್ಲೆಯಾಗುತ್ತದೆ. “ಈ ಸಲವಾದರೂ ಚಿರತೆಗೆ ಚುಕ್ಕೆ ಹಾಕಿ ಸ್ವಾಮಿ” ಎಂದಿದ್ದಾರೆ.